ನನ್ನ ನಕ್ಷೆಯ ಜಾಲಿ ಹಸಿರು

ಬರ ನೋಡುವುದು ನನ್ನ ಉದ್ಯೋಗ ಎಂದು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚ. ಹೇಳಿದರೆ ಕೇಳಿದವರು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ, ಬರವನ್ನು ಕರೆತರುವವನೇ ನಾನು ಎಂಬಂತೆ. ಹಲಸೂರಿನ ಕಚೇರಿಯೊಂದರ ಮೂರನೇ ಮಹಡಿಯಲ್ಲಿ ಕುಳಿತು, ಉಪಗ್ರಹದ ಚಿತ್ರಗಳಲ್ಲಿ ಯಾವ ತಾಲ್ಲೂಕು ಹಸಿರಾಗಿದೆ, ಯಾವುದು ಒಣಗಿದೆ ಎಂದು ನೋಡಿ ವಾರಕ್ಕೊಂದು ನಕ್ಷೆ ತಯಾರಿಸುವುದಷ್ಟೇ ನನ್ನ ಪಾಡು. ಮನೆಯಲ್ಲಿ ಇದಕ್ಕೆ ಕವಡೆ ಕಿಮ್ಮತ್ತಿಲ್ಲ. ಮಹದೇವಪುರದಲ್ಲಿರುವ ನನ್ನ ಭಾಮೈದ ಮಳೆ ಬಂದಾಗಲೆಲ್ಲ ಫೋನ್ ಮಾಡಿ, "ಭಾವ, ನಿಮ್ ಬರ ಎಲ್ಲಿದೆ? ಇಲ್ಲಿ ಬೇಸ್‌ಮೆಂಟಲ್ಲಿ ನನ್ ಕಾರು ತೇಲ್ತಿದೆ" ಎನ್ನುತ್ತಾನೆ. ನಾನು ಗಂಭೀರವಾಗಿ, ಅದು ನನ್ನ ವಿಭಾಗಕ್ಕೆ ಬರುವುದಿಲ್ಲ ಎಂದು ಫೋನ್ ಇಡುತ್ತೇನೆ.

ಹೋದ ಮುಂಗಾರು ಕೈಕೊಟ್ಟಾಗ ಬರಪೀಡಿತ ತಾಲ್ಲೂಕುಗಳ ಪಟ್ಟಿ ನನ್ನ ಮೇಜಿನ ಮೇಲಿತ್ತು. ಪಟ್ಟಿಯಲ್ಲಿ ಹೆಸರಿದ್ದರೆ ಬೆಳೆ ಪರಿಹಾರ, ದನಕ್ಕೆ ಮೇವು. ಇಲ್ಲದಿದ್ದರೆ ಏನೂ ಇಲ್ಲ. ಶುಕ್ರವಾರ ಅದು ಮೇಲಕ್ಕೆ ಹೋಗಬೇಕಿತ್ತು. ಮಂಗಳವಾರ ಬೆಳಿಗ್ಗೆ ಕೋಣೆ ಒರೆಸಲು ಬಂದ ಶರಣಮ್ಮ ನನ್ನ ಪರದೆಯ ಮುಂದೆ ನಿಂತುಬಿಟ್ಟರು. ಅವರು ಯಾದಗಿರಿ ಕಡೆಯವರು, ಗಂಡನೊಂದಿಗೆ ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿದ್ದಾರೆ. ಊರಿನ ಹೊಲ ತಮ್ಮನ ಕೈಲಿದೆ.

"ಸರ, ಇದ್ರಾಗ ನಮ್ಮ ತಾಲೂಕು ಎಲ್ಲಿ ಅದರಿ?"

ತೋರಿಸಿದೆ. ಅಚ್ಚ ಹಸಿರು. "ನಿಮ್ ಕಡೆ ಬೆಳೆ ಚೆನ್ನಾಗಿದೆ ಶರಣಮ್ಮ," ಎಂದೆ, ನಾನೇ ಬಿತ್ತಿ ಬೆಳೆದವನ ಹಾಗೆ.

"ಎಲ್ಲಿ ಛಂದರಿ? ತೊಗರಿ ಮೊಣಕಾಲಿಗಿ ಬರೂದ್ರಾಗ ಒಣಗ್ಯಾವ. ತಮ್ಮ ನಿನ್ನೆ ಫೋಟೋ ಕಳಿಸ್ಯಾನ, ನೋಡ್ರಿ."

ಫೋಟೋದಲ್ಲಿ ಹೊಲ ಬೂದಿ ಬಣ್ಣದ್ದು. ಅದರ ಹಿಂದೆ ಕೆರೆಯಂಗಳದ ತುಂಬ ಮುಳ್ಳಿನ ಗಿಡಗಳು ಹಸಿರೋ ಹಸಿರು.

"ಅವು ಏನು?"

"ಜಾಲಿ ರೀ. ಮಳಿ ಬರ್ಲಿ ಬಿಡ್ಲಿ, ಅದಕ್ಕೇನೂ ಆಗಂಗಿಲ್ಲ."

ಉಪಗ್ರಹ ಬೆಳೆಯೆಂದು ಎಣಿಸಿದ್ದು ಈ ಜಾಲಿಯನ್ನೇ ಇರಬೇಕು.

ನಮ್ಮ ನಿರ್ದೇಶಕಿ ನಿಧಾನವಾಗಿ ಕೇಳಿಸಿಕೊಂಡರು. "ಕಸ ಗುಡಿಸೋರು ಹೇಳಿದ್ರು ಅಂತ ಫೈಲಲ್ಲಿ ಬರೆಯೋಕಾಗುತ್ತೇನ್ರೀ? ಪ್ರೂಫ್ ತನ್ನಿ."

ಎರಡು ದಿನ ನಾನು ಕುರ್ಚಿ ಬಿಟ್ಟೇಳಲಿಲ್ಲ. ಹೊಲದಲ್ಲಿ ಏನೂ ಇರದ ಬೇಸಿಗೆಯ ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆಗೆದೆ. ಬಿರುಬೇಸಿಗೆಯಲ್ಲೂ ಅದೇ ಜಾಗ, ಅದೇ ಹಸಿರು. ಆ ತುಣುಕುಗಳನ್ನೆಲ್ಲ ನಕ್ಷೆಯಿಂದ ಕತ್ತರಿಸಿ ತೆಗೆದು ಲೆಕ್ಕವನ್ನು ಮತ್ತೆ ಓಡಿಸಿದಾಗ ತಾಲ್ಲೂಕು ನನ್ನ ಕಣ್ಣೆದುರೇ ಬರದ ಕೆಂಪಿಗೆ ತಿರುಗಿತು. ಕೆಂಪು ಕಂಡು ಖುಷಿಪಟ್ಟ ಪಾಪಿ ನಾನೊಬ್ಬನೇ ಇರಬೇಕು. ನಿರ್ದೇಶಕಿ ಎರಡು ಸಲ ನೋಡಿ, ಪಟ್ಟಿಯನ್ನು ತಡೆದು, ಹಳ್ಳಿಗಳಿಗೆ ತಂಡ ಕಳಿಸಿದರು. ತಂಡ ಹೊಲ ಹೊಲ ತಿರುಗಿ ಬಂದು ಹೇಳಿದ್ದೂ ಅದನ್ನೇ: ತೊಗರಿ ಹೋಗಿದೆ. ತಾಲ್ಲೂಕು ಪಟ್ಟಿ ಸೇರಿತು. ಅದರ ಬೆನ್ನಿಗೆ, ಜಾಲಿಯ ಹಸಿರಿನಿಂದಾಗಿ ಹೊರಗುಳಿದಿದ್ದ ಪಕ್ಕದ ಎರಡು ತಾಲ್ಲೂಕುಗಳೂ ಸೇರಿದವು.

ಶರಣಮ್ಮ ನನ್ನ ಕೋಣೆಯಿಂದಲೇ ತಮ್ಮನಿಗೆ ಫೋನ್ ಮಾಡಿ, "ಹೆಸರು ಬಂತಪಾ" ಎಂದರು. ಆ ಕಡೆಯಿಂದ ಏನು ಬಂತೋ, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ನಿರ್ದೇಶಕಿ ಎಲ್ಲರನ್ನೂ ಕರೆದು, ವರದಿಯಲ್ಲಿ ಶರಣಮ್ಮನ ಹೆಸರನ್ನು ನನ್ನ ಹೆಸರಿನ ಮೇಲೆ ಬರೆಸಿದರು. ಕಚೇರಿಯೆಲ್ಲ ಚಪ್ಪಾಳೆ ತಟ್ಟಿತು. ನಾನು ಸ್ವಲ್ಪ ಜೋರಾಗಿಯೇ ತಟ್ಟಿದೆ. ಕೆಳಗಿದ್ದರೂ ಹೆಸರು ನನ್ನದೂ ಇತ್ತಲ್ಲ.

ಮರುವಾರ ಹೊಸಬರಿಗೆ ಬೆಳೆ ಗುರುತಿಸುವ ತರಬೇತಿ ಕೊಡಲು ನನ್ನನ್ನೇ ನಿಲ್ಲಿಸಿದರು. ಒಂದು ಗಂಟೆ ಮಾತಾಡಿದೆ. ಕೊನೆಯಲ್ಲಿ ದೊಡ್ಡ ಚಿತ್ರವೊಂದನ್ನು ತೋರಿಸಿ, "ಇದು ನಳನಳಿಸುವ ತೊಗರಿ" ಎಂದು ಕೈಬೀಸಿ ಮುಗಿಸಿದೆ. ಎಲ್ಲರೂ ಹೋದ ಮೇಲೆ, ಹಿಂದೆ ಕುಳಿತಿದ್ದ ಶರಣಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಸರ, ಎಲ್ಲಾ ಛಲೋ ಹೇಳಿದ್ರಿ. ಕಡೀ ಚಿತ್ರ ಮಾತ್ರ ತೊಗರಿ ಅಲ್ರಿ, ಹೆಸರುಕಾಳಿನ ಬೆಳಿ. ಮಂದಿ ಮುಂದ ಹೇಳ್ಬಾರ್ದಂತ ಸುಮ್ಮನ ಕುಂತೆ."