ಗಾಡಿ, ಅತ್ತಿ ಮತ್ತ ಅಂಡಮಾನ

ನಮ್ಮ ಮನ್ಯಾಗ ಯಾವ ಕೆಲಸಾನೂ ಸೀದಾ ಆಗಂಗಿಲ್ಲ. ಒಂದೊಮ್ಮೆ ಆತಂದ್ರ ಓಣಿ ಮಂದೀನ ಗಾಬರಿಯಾಗಿ "ಯಾಕ್ರಿ, ಎಲ್ಲಾರೂ ಆರಾಮ ಅದೀರಿಲ್ಲ?" ಅಂತ ಕೇಳಾಕ ಬರ್ತಾರ. ಹಳೇ ಸ್ಕೂಟಿ ಗಾಡಿ ಒಂದು ಮಾರೋದೋ, ಹಡಗಿನಾಗ ಹಾಕಿ ಕಳಿಸೋದೋ ಅನ್ನೋದು ಬ್ಯಾರೇಯವರ ಮನ್ಯಾಗ ಚಾ ಆರೋದ್ರೊಳಗ ಮುಗಿಯೋ ಮಾತು. ನಮ್ಮ ಮನ್ಯಾಗ ಅದೇ ಮಾತಿಗೆ ಎಷ್ಟು ಡಬ್ಬಿ ಚಾಪುಡಿ ಖರ್ಚಾತೋ ದೇವರಿಗೇ ಗೊತ್ತು.

೧. ಕಾಲಾಪಾನಿ

ನಾನು ಶಹಾಪುರದಾಗ ಬ್ಯಾಂಕಿನಾಗ ಕೆಲಸ ಮಾಡ್ತಿದ್ದೆ. ಪ್ರಮೋಷನ್ ಬಂತು. ಅದರ ಬೆನ್ನಿಗೇ ವರ್ಗಾವಣೆ ಆರ್ಡರೂ ಬಂತು: ಅಂಡಮಾನ.

ಸುದ್ದಿ ಹಬ್ಬಿದ್ದ ತಡ, ಬಾಜೂ ಮನಿ ಬಾಯಾರು ಕಣ್ಣೊರಸ್ಕೋತ ಬಂದು ನನ್ನ ಕೈ ಹಿಡಕೊಂಡ್ರು.

"ಹಿಂಗ ಆಗಬಾರದಿತ್ತವಾ. ಎಷ್ಟು ರೊಕ್ಕ ತಿಂದಿದ್ರಿ?"

"ಏನೂ ತಿಂದಿಲ್ಲರಿ! ಪ್ರಮೋಷನ್ ಆಗ್ಯಾದ."

"ಏನೂ ತಿನ್ನಲಾರದ ಕಾಲಾಪಾನಿಯೇನು?" ಬಾಯಾರು ಎದಿ ಮ್ಯಾಲ ಕೈ ಇಟ್ಕೊಂಡ್ರು. "ಯವ್ವಾ, ತಿಂದಿದ್ರರ ಒಂದು ಸಮಾಧಾನ ಇರ್ತಿತ್ತು!"

ನಮ್ಮ ಮನಿಯವರಿಗೆ ತೊಂದ್ರಿ ಇದ್ದಿಲ್ಲ. ಅಂಗಡಿಕಾರರ ಲೆಕ್ಕ ಕಂಪ್ಯೂಟರಿನಾಗ ಬರಿಯೋ ಕೆಲಸ, ಎಲ್ಲಿ ಕುಂತರೂ ನಡೀತದ. ಪಂಚಾಯ್ತಿ ಬಂದದ್ದು ಅತ್ತೀದು. ಆಕಿ ಒಂದ ಮಾತಿನಾಗ ಹೇಳಿಬಿಟ್ಲು: "ಗಾಡಿ ಬಂದ್ರ ನಾ ಬರ್ತೀನಿ. ಗಾಡಿ ಬರದಿದ್ರ ಸುರಪುರದಾಗ ನನ್ನ ತಂಗಿ ಮನಿ ಅದ."

ಇದು ಹಟ ಅಂತ ನಮ್ಮ ಮನಿಯವರು ತಿಳಕೊಂಡ್ರು. ನನಗ ಹಂಗ ಅನಿಸಲಿಲ್ಲ, ಯಾಕಂದ್ರ ಆ ಗಾಡಿ ಮ್ಯಾಲ ಕುಂದ್ರೋರು ನಾವಿಬ್ಬರ.

ಅತ್ತಿ ಕೆಟ್ಟಾಕಿ ಅಲ್ಲ. ನಾನೂ ಅಲ್ಲ. ಆದ್ರ ಎದುರಾ ಬದುರಾ ಕುಂತ್ವಿ ಅಂದ್ರ ಇಬ್ಬರಿಗೂ ಬಾಯಿ ಬರಂಗಿಲ್ಲ. ನನಗ ಏನರ ಹೇಳೋದಿತ್ತಂದ್ರ ಆಕಿ ಗ್ವಾಡಿ ನೋಡಿ ಹೇಳ್ತಾಳ: "ಸಾರಿಗೆ ಉಪ್ಪು ಹಾಕೋದು ಮರ್ತಾರ ಕೆಲವು ಮಂದಿ." ನಾ ಕುಕ್ಕರ್ ನೋಡಿ ಉತ್ತರಾ ಕೊಡ್ತೀನಿ: "ಬಿ.ಪಿ. ಇದ್ದೋರು ಉಪ್ಪು ಕಮ್ಮಿ ತಿನ್ನಬೇಕಂತ ಡಾಕ್ಟರ್ ಹೇಳ್ಯಾರ." ನಡುವ ನಮ್ಮ ಮನಿಯವರು ಯಾರ ಕಡಿ ನೋಡ್ಬೇಕು ತಿಳೀಲಾರದ ರೊಟ್ಟಿ ಮುರಕೋತ ಕುಂದರ್ತಾರ.

ಗಾಡಿ ಹಿಂದ ಕುಂತ್ಲಂದ್ರ ಮಾತ್ರ ಆಕಿ ಬ್ಯಾರೇನ ಹೆಣ್ಮಗಳು. ಒಂದ್ ಕೈ ನನ್ನ ಹೆಗಲ ಮ್ಯಾಲ ಇಟ್ಟು, ಕಿವಿ ಹಂತೇಲಿ ಬಾಯಿ ತಂದು ಶುರು ಮಾಡ್ತಾಳ. ಏಳನೇ ಕ್ಲಾಸಿಗೆ ಸಾಲಿ ಬಿಡಿಸಿದಾಗ ಹೆಂಗ ಅತ್ತಿದ್ಲು, ಮಾವಗ ಹೇಳಲಾರದ ಯಾದಗಿರಿಗೆ ಸಿನಿಮಾ ನೋಡಾಕ ಹೆಂಗ ಹೋಗಿದ್ಲು, ತನ್ನ ಮಗ ಸಣ್ಣಂವಿದ್ದಾಗ ಕೋಳಿಗೆ ಅಂಜಿ ಕಪಾಟಿನಾಗ ಹೆಂಗ ಕುಂತಿದ್ದ, ಎಲ್ಲಾ ನನಗ ಗೊತ್ತಾಗಿದ್ದು ಗಾಡಿ ಮ್ಯಾಲನ. ಅಮವಾಸ್ಯಿಗೊಮ್ಮೆ ಅಬ್ಬೆತುಮಕೂರು ಮಠಕ್ಕ ಹೋಗಿ ಬರೋದ್ರಾಗ ತಿಂಗಳ ಮಾತೆಲ್ಲಾ ಆಗ್ತಿದ್ವು. ನನ್ನ ಹಡೆದವ್ವ ನಾ ಸಣ್ಣಾಕಿ ಇದ್ದಾಗನ ತೀರಿ ಹೋಗ್ಯಾಳ. ಗಾಡಿ ಮ್ಯಾಲಿನ ಅತ್ತಿ ಅಂದ್ರ ನನಗ ಭಾಳ ಜೀವ. ಮನಿಯೊಳಗಿನ ಅತ್ತಿ ಗ್ವಾಡಿ ಪಾಲು.

ಗಾಡಿ ಬಿಟ್ರ ಅತ್ತಿ ಬರಂಗಿಲ್ಲ. ಅತ್ತಿ ಇಲ್ಲದ ಆ ದ್ವೀಪದಾಗ ನಾ ಏನ್ ಮಾಡ್ಲಿ?

೨. ತುಕ್ಕು

ಕಳಿಸೋದಾದ್ರ ಗಾಡಿ ತಡೀತದೋ ಇಲ್ಲೋ ಅಂತ ಮೊದಲ ಮೆಕ್ಯಾನಿಕ್ ಹಂತೇಲಿ ಒಯ್ದೆ. ಬಸ್‌ಸ್ಟ್ಯಾಂಡ್ ಹಿಂದಿನ ಈ ಚಾಚಾ ನಮ್ಮ ಗಾಡಿ ನೋಡ್ಕೋತನ ಮುದುಕ ಆಗ್ಯಾನ. ದೂರಿಂದ ಅದರ ಸಪ್ಪಳ ಕೇಳಿದ್ರ ಸಾಕು, ಒಳಗಿನಿಂದನ "ಅರೆ, ಬಂತು ನೋಡ್ರಿ!" ಅಂತ ಪಾನಾ ಹಿಡಕೊಂಡು ಹೊರಗ ಬರ್ತಾನ.

"ಚಾಚಾ, ಅಲ್ಲಿ ಸಮುದ್ರದ ಗಾಳಿ ಅಂತ. ಉಪ್ಪಿನ ಗಾಳಿಗೆ ಭಾಳ ತುಕ್ಕು ಹಿಡೀತದ ಅಂತಾರ. ಖರೇನು?"

ಚಾಚಾ ಗಾಡಿ ಸುತ್ತ ಸಾವಕಾಶ ಒಂದ್ ಸುತ್ತು ಹಾಕಿದ. ಬಗ್ಗಿ ಕೆಳಗ ನೋಡಿದ. ಬೆರಳಿಲೆ ಮಡಗಾರ್ಡ್ ತಟ್ಟಿದ. ಅದರಿಂದ ಒಂದ್ ತುಂಡು ಕಳಚಿ ಕೈಯಾಗ ಬಂತು. ಅದನ್ನ ಭಾಳ ಮರ್ಯಾದಿಲೆ ನನ್ನ ಕೈಯಾಗ ಇಟ್ಟ.

"ಬಿಲ್ಕುಲ್ ಪರೇಶಾನ್ ಆಗಬ್ಯಾಡ್ರಿ ಮೇಡಮ್ಮೋರ. ಹೊಸಾ ತುಕ್ಕಿಗೆ ಇದರಾಗ ಜಾಗಾನ ಉಳದಿಲ್ಲ."

೩. ಉಪಾಸ

ಆದರೂ ಕಳಿಸೂಣು ಅಂತ ನಾ ಗಟ್ಟಿ ಮನಸ್ಸು ಮಾಡಿದೆ. ಸಾಮಾನು ಸಾಗಿಸೋ ಏಜೆಂಟನ್ನ ಯಾದಗಿರಿಯಿಂದ ಕರಸಿದ್ವಿ. ಮೊದಲ ಲಾರಿಯೊಳಗ ಮದ್ರಾಸಿಗೆ, ಅಲ್ಲಿಂದ ಹಡಗಿನಾಗ ಅಂತ ಅಂವ ತಿಳಿಸಿ ಹೇಳಿದ. ಖರ್ಚು ಕೇಳಿ ನಮ್ಮ ಮನಿಯವರು, "ಅಷ್ಟ್ರಾಗ ಇಂಥಾವು ಎರಡು ಬರ್ತಾವಲ್ಲೋ!" ಅಂದ್ರು. ನಾ ಕಣ್ಣು ಬಿಟ್ಟೆ, ಚಾದ ಕಪ್ಪಿಗೆ ಬಾಯಿ ಹಚ್ಚಿದ್ರು.

ಬಾಗಿಲ ಹಿಂದ ನಿಂತು ಅತ್ತಿ ಕೇಳಾಕತ್ತಿದ್ಲು.

"ಒಂದ ಮಾತ್ರಿ," ಅಂದ ಏಜೆಂಟ. "ಗಾಡ್ಯಾಗ ಪೆಟ್ರೋಲ್ ಒಂದ್ ಹನಿ ಇರಬಾರದು. ಟ್ಯಾಂಕ್ ಒಣಗಿರಬೇಕು. ಬೆಂಕಿ ಭಯ ಇರ್ತದ್ರಿ."

ಬಾಗಿಲು ಧಡ್ ಅಂತ ತೆರೀತು.

"ಏನಂದಿ? ಉಪಾಸ ಕಳಿಸ್ತೀರೇನು?"

"ಅಜ್ಜಿ, ರೂಲ್ಸ್ ಅದರಿ..."

"ಮನಿಯಿಂದ ಹೊರಗ ಹೋಗೋರಿಗೆ ಬುತ್ತಿ ಕಟ್ಟಿ ಕೊಟ್ಟ ಮನಿ ಇದು! ಇಷ್ಟು ವರ್ಷ ನಮ್ಮನ್ನ ಹೊತ್ಕೊಂಡು ತಿರಗೇದ. ಈಗ ವಯಸ್ಸಾದ ಕಾಲಕ್ಕ ಖಾಲಿ ಹೊಟ್ಟಿಲೆ, ಕತ್ತಲದಾಗ, ಯಾರ ಗುರ್ತೂ ಇಲ್ಲದ ಹಡಗಿನಾಗ ಅಷ್ಟ್ ದಿನ ನಿಂದ್ರಬೇಕೇನು? ಬ್ಯಾಡ. ಮಾರ್ರಿ. ಚಲೋ ಮನಿ ನೋಡಿ ಕೊಡ್ರಿ."

"ಮತ್ತ ನೀ ಬರೋದು?" ಅಂತ ನಮ್ಮ ಮನಿಯವರು ಕೇಳಿದ್ರು.

ಅತ್ತಿ ಒಳಗ ಹೋಗಿಬಿಟ್ಲು. ಏಜೆಂಟ ಮಾತ್ರ ಚಾ ಕುಡದು, ಹೋಗುವಾಗ ಗಾಡಿ ಕಡಿ ನೋಡಿ ಕೈ ಮುಗದು ಹೋದ.

೪. ನೋಡಾಕ ಬಂದವರು

ಮಾರೋದು ಅಂತ ಆದ ಮ್ಯಾಲ ನೋಡಾಕ ಬರೋರು ಶುರುವಾದ್ರು. ದೋರನಹಳ್ಳಿಯಿಂದ ಒಬ್ಬರು ಮಾಸ್ತರು ಬಂದ್ರು. ಒಬ್ಬರ ಬರ್ತಾರಂತ ಒಂದ್ ಪ್ಲೇಟ್ ಮಂಡಕ್ಕಿ ಸುಸ್ಲಾ ಮಾಡಿದ್ರ, ಜೀಪ್ ತುಂಬ ಮಂದಿ ಇಳದ್ರು. ಅತ್ತಿ ಮತ್ತೊಂದು ಸೇರು ಮಂಡಾಳ ನೆನಿ ಹಾಕಿದ್ಲು.

"ಗಾಡಿ ಹೆಂಗ ಅದ್ರಿ ಅಮ್ಮೋರ?" ಮಾಸ್ತರು ಸುಸ್ಲಾ ತಿನ್ಕೋತ ಕೇಳಿದ್ರು.

"ಚಲೋ ಅದರಿ. ಎಡಕ್ಕ ಎಳೀತದ. ಮಳಿ ಬಂದ್ರ ಮುನಸ್ಕೋತದ. ಹಾರ್ನ್ ತನಗ ಬೇಕಾದಾಗ ಹೊಡೀತದ, ನಮಗ ಬೇಕಾದಾಗ ಇಲ್ಲ."

ಮಾಸ್ತರು ಸುಸ್ಲಾ ಪೂರಾ ಮುಗಿಸಿ, ಗಾಡಿ ಮುಟ್ಟಲಾರದನ ಹೋದ್ರು. ನಾ ಕುಕ್ಕರ್ ನೋಡಿ, "ಇಷ್ಟ್ಯಾಕ ಹೇಳಬೇಕಿತ್ತು?" ಅಂದೆ. ಅತ್ತಿ ಗ್ವಾಡಿ ನೋಡಿ, "ಐಬು ಮುಚ್ಚಿ ಕೊಟ್ರ ಅಲ್ಲಿ ಹೋಗಿ ಬೈಸ್ಕೋಳೋದು ಅದು, ಪಾಪ," ಅಂದ್ಲು.

ಎರಡನೇದಂವ ಒಬ್ಬ ಹುಡುಗ. ಸೈದಾಪುರ ಕಡಿ ಫ್ಯಾಕ್ಟರಿಯೊಳಗ ಕೆಲಸ ಅಂತ. ಒಂದ್ ರೌಂಡ್ ಹೊಡದು ನೋಡ್ತೀನಿ ಅಂದ. ಅಂವ ಗಾಡಿ ಸಹಿತ ಓಡಿ ಹೋದ್ರ? ಅತ್ತಿ ಸೆರಗು ಸಿಗಿಸ್ಕೊಂಡು ಹಿಂದ ಹತ್ತಿ ಕುಂತ್ಲು. ಹೋದೋರು ಹೋದ್ರು. ಎಷ್ಟೊತ್ತಾದ್ರೂ ಪತ್ತೇನ ಇಲ್ಲ. ನಮ್ಮ ಮನಿಯವರು ಪೋಲೀಸರಿಗೆ ಫೋನ್ ಮಾಡಾಕ ಹೊಂಟಾಗ ಗಾಡಿ ಬಂತು. ಮುಂದ ಗಿರಣಿ ಹಿಟ್ಟಿನ ಡಬ್ಬಿ, ಹ್ಯಾಂಡಲಿಗೆ ಕಾಯಿಪಲ್ಯಾದ ಚೀಲ, ಅತ್ತಿ ತೊಡಿ ಮ್ಯಾಲ ಟೇಲರ್ ಹೊಲದು ಕೊಟ್ಟ ಜಂಪರಿನ ಗಂಟು.

ಹುಡುಗ ಮಾರಿ ಒರಸ್ಕೊಂಡು ಚಾವಿ ನನ್ನ ಕೈಯಾಗ ಕೊಟ್ಟ. "ಗಾಡಿ ಚಲೋ ಅದರಿ ಅಕ್ಕೋರ. ಆದ್ರ ನಮ್ಮ ಮನ್ಯಾಗ ಒಬ್ಬಾಕಿ ಅಜ್ಜಿ ಆಗ್ಲೇ ಅದಾಳ್ರಿ."

೫. ಹಗ್ಗ

ಕೊನಿಗೆ ಬಂದವರು ಸುರಪುರ ಕಡಿ ಒಬ್ಬ ಒಕ್ಕಲುತನದ ಯಜಮಾನರು, ಅವರ ಹೆಂಡ್ತಿ, ಸೊಸಿ. ಸೊಸಿಗೆ ಅಂಗನವಾಡಿಯೊಳಗ ಕೆಲಸ ಸಿಕ್ಕಿತ್ತು, ಗಾಡಿ ಆಕಿಗೆ ಬೇಕಿತ್ತು.

ಅತ್ತಿ ಆ ಹುಡುಗಿಗೆ ಒಂದ ಪ್ರಶ್ನಿ ಕೇಳಿದ್ಲು. "ನಿಮ್ಮತ್ತಿನ್ನ ಹಿಂದ ಕುಂದ್ರಿಸ್ಕೊಂಡು ಹೋಗ್ತಿಯೇನು?"

"ನಾ ಒಯ್ತೀನ್ರಿ. ಅವರ ಒಲ್ಲೆ ಅಂತಾರ. ಅಂಜಿಕಿ ಅಂತ."

ನಮ್ಮ ಅತ್ತಿ ಯಜಮಾನರ ಹೆಂಡ್ತಿನ್ನ ಬಾಜೂಕ ಕರದು, ಮೆಲ್ಲಕ ಹೇಳಿದ್ಲು. ಅಡಗಿ ಮನ್ಯಾಗ ನಿಂತ ನನಗ ಕೇಳಾಕತ್ತಿತ್ತು.

"ಕುಂದ್ರು ತಂಗಿ. ಹಿಂದ ಕುಂತ್ರ ಸೊಸಿ ಮಾರಿ ಕಾಣಂಗಿಲ್ಲ, ನಮ್ಮ ಮಾರಿ ಆಕಿಗಿ ಕಾಣಂಗಿಲ್ಲ. ಮನಸ್ಸಿನಾಗಿಂದು ಎಲ್ಲಾ ಆಡಬಹುದು. ನಾ ನನ್ನ ಸೊಸಿ ಜೋಡಿ ಹಂಗನ ಬಾಳ್ವಿ ಮಾಡೀನಿ."

ನಾ ಚಾದಾಗ ಸಕ್ರಿ ಬದಲಿ ಉಪ್ಪು ಹಾಕಿದೆ. ಅಳು ತಡಕೋಳಾಕ ಆಗಲಿಲ್ಲ. ಆ ಚಾ ಎಲ್ಲಾರೂ ಮಾರಿ ಕಿವುಚ್ಕೋತ ಪೂರಾ ಕುಡದ್ರು.

ವ್ಯವಹಾರ ಮುಗೀತು. ಗಾಡಿಗೆ ಕುಂಕುಮ ಹಚ್ಚಿ, ಟ್ಯಾಂಕ್ ತುಂಬ ಪೆಟ್ರೋಲ್ ಹಾಕಿಸಿ ಅತ್ತಿ ಹಸ್ತಾಂತರ ಮಾಡಿದ್ಲು. ಹ್ಯಾಂಡಲ್ ಲಾಕ್ ತೆಗದ್ಲು. ಆಮ್ಯಾಲ ಚಾವಿ ಕಿತ್ತು ಸೊಂಟಕ್ಕ ಸಿಗಿಸ್ಕೊಂಡ್ಲು.

"ಅವ್ವಾ, ಚಾವಿ ಕೊಡು," ಅಂದ್ರು ನಮ್ಮ ಮನಿಯವರು.

"ಹೆಂಗ ಕೊಡ್ಲಿ? ಆಕಳ ಮಾರಿದ್ರ ಹಗ್ಗ ಕೊಡ್ತಾರೇನು? ಹಗ್ಗ ಕೊಟ್ರ ಮನಿ ಲಕ್ಷ್ಮಿ ಅದರ ಹಿಂದ ಹೋಗ್ತಾಳ."

"ಅವ್ವಾ! ಇದು ಆಕಳ ಅಲ್ಲ! ಎರಡನೇ ಚಾವಿ ಕಳದು ಎಷ್ಟೋ ವರ್ಷ ಆತು. ಅವರು ಒಯ್ಯೋದು ಹೆಂಗ?"

ವ್ಯವಹಾರ ಮುರೀತು ಅಂತ ನಾ ತಿಳಕೊಂಡೆ. ಆದ್ರ ಯಜಮಾನರು ರುಮಾಲು ಸರಿ ಮಾಡ್ಕೊಂಡು ತಲಿ ಆಡಿಸಿದ್ರು. "ಅಮ್ಮೋರು ಹೇಳೋದು ಬರೋಬ್ಬರಿ ಅದರಿ. ನನಗ ನೆನಪಾಗಬೇಕಿತ್ತು. ತಪ್ಪು ನಂದು."

ಬಾಜೂ ಮನಿಯಿಂದ ಒಂದ್ ಹಗ್ಗ ಇಸ್ಕೊಂಡು ಗಾಡಿ ಮುಂದ ಕಟ್ಟಿದ್ರು. ಸೊಸಿ ಹ್ಯಾಂಡಲ್ ಹಿಡದು ಕುಂತ್ಲು. ಆಕಿ ಅತ್ತಿ, ಎಂದೂ ಗಾಡಿ ಹತ್ತಲಾರದಾಕಿ, ಹಿಂದ ಹತ್ತಿ ಸೊಸಿ ಹೆಗಲ ಮ್ಯಾಲ ಕೈ ಇಟ್ಲು. ಯಜಮಾನರು ಹಗ್ಗ ಹಿಡದು, ಚಾವಿ ಮಾಡೋ ಅಂಗಡಿ ತನಕ ಬಜಾರದ ನಡುವನ ಎಳಕೊಂಡು ಹೋದ್ರು.

"ಯಾಕ್ರಿ ಗೌಡ್ರ, ಪೆಟ್ರೋಲ್ ಖಾಲೀ ಆತೇನು?" ಅಂತ ಯಾರೋ ಕೇಳಿದ್ರು.

"ಟ್ಯಾಂಕ್ ತುಂಬ ಅದರಿ," ಅಂದ್ರು ಗೌಡ್ರು ಠೀವಿಲೆ. "ಇನ್ನ ಹೊಸಾದದ, ರೂಢಿ ಮಾಡಸಾಕತ್ತೀನಿ."

೬. ಹಿಂದಿನ ಸೀಟು

ಗಾಡಿ ಹೋದ ಮ್ಯಾಲ ಮನಿ ಭಣಭಣ ಅನ್ನಾಕತ್ತಿತು. ನಾ ಗಂಟು ಕಟ್ಟಾಕತ್ತಿದ್ದೆ. ಅತ್ತಿ ಬರೋ ಮಾತೂ ಆಡಲಿಲ್ಲ, ಬರಂಗಿಲ್ಲ ಅನ್ನೋ ಮಾತೂ ಆಡಲಿಲ್ಲ. ಟಿಕೀಟ್ ತಗಸೋ ದಿನ ಬಂತು. ನನಗ ತಡೀಲಿಕ್ಕ ಆಗಲಿಲ್ಲ. ಕುಕ್ಕರ್ ಬಿಟ್ಟು ಹೋಗಿ ಆಕಿ ಎದುರಿಗೇ ಕುಂತೆ.

"ಅತ್ತಿ, ನೀವು ಬರದಿದ್ರ ಅಲ್ಲಿ ನಾ ಯಾರ ಜೋಡಿ ಮಾತಾಡ್ಲಿ? ನನಗ ನೀವು ಬೇಕು. ಗಾಡಿ ಇರ್ಲಿ ಬಿಡ್ಲಿ."

ಜೀವನದಾಗ ಮೊದಲನೇ ಸಲ ಆಕಿ ಮಾರಿ ನೋಡಿ ಅಂದಿದ್ದು. ಆಕಿ ಗಾಬರಿಯಾಗಿ ಗ್ವಾಡಿ ಕಡಿ ಹೊಳ್ಳಿದ್ಲು. ಗ್ವಾಡಿಗೇ ಹೇಳಿದ್ಲು: "ಎಷ್ಟು ಟಿಕೀಟ್ ಅಂತ ಕೇಳಿದ್ರ ಮೂರು ಅನ್ರಿ."

ಹೈದರಾಬಾದಿನಾಗ ವಿಮಾನ ಹತ್ತಿದ್ವಿ. ಮೂರೂ ಸೀಟ್ ಒಂದ ಸಾಲಿನಾಗ. ಅತ್ತಿ ನನ್ನ ಬಾಜೂಕ ಕುಂತು ತುಟಿ ಬಿಗಿ ಹಿಡದ್ಲು. ಜೀವ ಅಂಗೈಯಾಗ ಹಿಡಕೊಂಡಿದ್ಲು, ಆದ್ರ ಬಾಜೂಕ ಕುಂತ್ರ ಮಾತು ಹೊಂಡಬೇಕಲ್ಲ! ಒಮ್ಮೆಲೆ ಎದ್ದಾಕೀನ ನನ್ನ ಹಿಂದಿನ ಸೀಟಿನಾಗ ಕುಂತಿದ್ದ ಒಬ್ಬ ಹುಡುಗಿಗೆ ಕೈಸನ್ನಿ ಮಾಡಿದ್ಲು: ನೀ ಮುಂದ ಹೋಗು, ನಾ ಇಲ್ಲಿ. ಪಾಪ, ಆ ಹುಡುಗಿಗೆ ಕನ್ನಡ ಬರ್ತಿದ್ದಿಲ್ಲ, ಆದ್ರ ಅತ್ತಿ ಕಣ್ಣು ನೋಡಿ ಎದ್ದುಬಿಟ್ಲು.

ವಿಮಾನ ಓಡಾಕ ಶುರು ಆತು. ಎರಡು ಸೀಟಿನ ಸಂದಿಯಿಂದ ಒಂದ್ ಕೈ ಬಂದು ನನ್ನ ಹೆಗಲ ಹಿಡೀತು. ಓಟ ಜೋರಾತು, ಕೈ ಬಿಗೀತು, ಮತ್ತ ಇಡೀ ವಿಮಾನಕ್ಕ ಕೇಳೋಹಂಗ ಧ್ವನಿ ಬಂತು:

"ಯವ್ವಾ! ಸಾವಕಾಶ ಹೊಡಿ! ಹಿಂದ ನಾ ಅದೀನಿ!"

ನನ್ನ ಎರಡೂ ಕೈ ತಮ್ಮಷ್ಟಕ್ಕ ತಾವ ಬ್ರೇಕ್ ಹಿಡದ್ವು. ಎಡಗೈಯಾಗ ಸಿಕ್ಕಿದ್ದು ನಮ್ಮ ಮನಿಯವರ ಮೊಣಕೈ.

"ಅಯ್ಯಯ್ಯೋ, ಬಿಡು!" ಅಂತ ಅವರು ಚೀರಿದ್ರು. ಆಮ್ಯಾಲ ಹಿಂದ ಹೊಳ್ಳಿ, "ಅವ್ವಾ, ವಿಮಾನ ಆಕಿ ಹೊಡಿಯಾಕತ್ತಿಲ್ಲ!"

"ನೀ ಸುಮ್ ಕುಂದ್ರೋ," ಅಂದ್ಲು ಅತ್ತಿ. "ಆಕಿ ಹೊಡೀತಾಳಂತನ ನಾ ಹತ್ತೀನಿ."