ಗಾಲಿಗೆ ನೀರು, ಬೀಗರಿಗೆ ಮಾನ

ಬಬಲೇಶ್ವರದಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ. ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ನೀರು ತುಂಬಿಸಬೇಕೋ, ಬರೀ ಗಾಳಿ ಸಾಕೋ ಎಂಬ ಜಗಳ ಇರುವವರೆಗೆ ನನಗೆ ನಗೆಗೆ ಬರವಿಲ್ಲ. ನೀರಿದ್ದರೆ ಗಾಡಿಗೆ ಭಾರ ಬರುತ್ತದೆ, ಹಸಿ ಎರೆಮಣ್ಣಿನಲ್ಲಿ ಗಾಲಿ ಜಾರುವುದಿಲ್ಲ. ಡೀಸೆಲ್ ದಂಡ ಎನ್ನುವವರೂ ಇದ್ದಾರೆ. ನಾನು ನೀರಿನ ಪಕ್ಷ. ತುಂಬಿಸುವವನು ನಾನೇ ಅಲ್ಲವೇ.

೧. ಫಿಲ್ಟರ್ ನೀರು

ಘೋಣಸಗಿಯ ದ್ರಾಕ್ಷಿ ಬೆಳೆಗಾರರೊಬ್ಬರು ಹೊಸ ಟ್ರ್ಯಾಕ್ಟರಿನ ಜೊತೆ ಹತ್ತು ಕ್ಯಾನ್ ಫಿಲ್ಟರ್ ನೀರು ತಂದಿಳಿಸಿದರು. ನನ್ನ ಬೋರಿನ ಸವಳು ನೀರಿಗೆ ಗಾಲಿ ಕೆಡುತ್ತದಂತೆ. ತುಂಬಿಸುತ್ತ ತುಂಬಿಸುತ್ತ ನನಗೆ ಬಾಯಾರಿ ಒಂದು ಲೋಟ ಕೇಳಿದೆ. ಅವರು ಕ್ಯಾನಿನ ಮುಚ್ಚಳ ಬಿಗಿ ಮಾಡಿ, "ನೀವು ಬೋರಿಂದ ಕುಡೀರಿ. ನೀವೇನು ಹೊಸಾ ಗಾಡಿ ಅಲ್ಲಲ್ಲ" ಎಂದರು.

೨. ಇಳಿಯುವ ಭಾರ

ಮಮದಾಪುರದ ಹಿರಿಯರೊಬ್ಬರು ಗಾಲಿನೀರಿನ ಕಡು ವೈರಿ. ಭಾರ ಬೇಕಾದಾಗ ದಪ್ಪನೆಯ ಭಾವಮೈದುನನನ್ನು ಮಡ್‌ಗಾರ್ಡ್ ಮೇಲೆ ಕೂರಿಸುತ್ತಿದ್ದರು. ಬಿದ್ದಾರು, ಬೇಡ ಎಂದೆ. "ನೀರ ಇಳಿ ಅಂದ್ರ ಇಳೀತೈತೇನು? ಮಂದಿ ಇಳೀತಾರ" ಎಂದರು. ಅಂದು ಕೆಲಸ ಮುಗಿದರೂ ಭಾವಮೈದುನ ಇಳಿಯಲಿಲ್ಲ. ಊಟಕ್ಕೆ ಏನು ಮಾಡಿದ್ದಾರೆಂದು ಮೊದಲು ಹೇಳಲಿ ಎಂದು ಅಲ್ಲೇ ಕೂತರು.

೩. ಬೀಗರ ಪಣ

ಅದೇ ಹಿರಿಯರು ಅರಕೇರಿಯಿಂದ ಸೊಸೆ ತಂದರು. ಸೊಸೆಯ ತಂದೆಗೋ ನೀರಿಲ್ಲದ ಗಾಲಿ ಗಾಲಿಯೇ ಅಲ್ಲ. ಮಾತಿಗೆ ಮಾತು ಬೆಳೆದು ಪಣವಾಯಿತು: ಅರಕೇರಿಯ ಹೊಲದ ಕೆಸರಲ್ಲಿ ಹೂತ ಗೊಬ್ಬರದ ಟ್ರೇಲರನ್ನು ಭಾನುವಾರ ಯಾರ ಗಾಡಿ ಎಳೆಯುತ್ತದೋ ಅವರ ಮಾತೇ ಸರಿ. ನೀರು ಸೋತರೆ ನನ್ನ ಅಂಗಡಿಗೆ ಯಾರು ಬರುತ್ತಾರೆ?

ಶನಿವಾರ ಬೆಳಿಗ್ಗೆ ಮಮದಾಪುರದವರು ಬಂದು, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿಕೊಂಡು, ಎರಡೂ ಗಾಲಿಗೆ ನೀರು ತುಂಬಿಸಿಕೊಂಡು ಹೋದರು. ಮಧ್ಯಾಹ್ನ ಅರಕೇರಿಯವರು ಬಂದು, ಇದ್ದ ನೀರನ್ನೆಲ್ಲ ಇಳಿಸು ಎಂದರು. ಯಾಕೆಂದು ಕೇಳಿದೆ. "ಮಗಳ ಮಾವ ನಾಕ ಮಂದ್ಯಾಗ ಸೋಲಬಾರದು ತಮ್ಮಾ" ಎಂದರು. ಆ ದೊಡ್ಡ ಮನಸ್ಸಿಗೆ ಕಣ್ಣು ತುಂಬಿತು, ಆದರೆ ಬಾಯಿ ಬಿಡುವಂತಿಲ್ಲ.

ಭಾನುವಾರ ಅರಕೇರಿಯ ಗಾಡಿ ನಿಂತಲ್ಲೇ ಗಾಲಿ ತಿರುಗಿಸಿತು. ಮಮದಾಪುರದ್ದು ಒಂದೇ ಏಟಿಗೆ ಟ್ರೇಲರನ್ನು ಎಳೆದು ಹಾಕಿತು. ಗೆದ್ದವರು ಗಾಲಿಯ ಪಕ್ಕ ನಿಂತು ಮೀಸೆ ತಿರುವಿ, ನೀರು ಯಾಕೆ ಬೇಕು, ಬರೀ ಗಾಳಿ ಸಾಕು ಎಂದು ಭಾಷಣ ಶುರು ಮಾಡಿದರು. ಮುಗಿಯಿತು ನನ್ನ ಅಂಗಡಿ ಎಂದುಕೊಂಡೆ. ಅಷ್ಟರಲ್ಲಿ, ನಾನು ಅವಸರದಲ್ಲಿ ಸಡಿಲ ಬಿಟ್ಟಿದ್ದ ವಾಲ್ವ್ ಹಾರಿ, ನೀರು ಚಿಮ್ಮಿ ಅವರದೇ ಧೋತರ ತೋಯಿಸಿತು. ಅವರು ಬಗ್ಗಿ ನೋಡಿ, "ಬಿಸಲಿಗೆ ಒಳಗಿನ ಗಾಳಿ ಬೆವತೈತಿ" ಎಂದರು.

ಅರಕೇರಿಯವರು ನಗಲಿಲ್ಲ. ತಮ್ಮ ಟವೆಲ್ ಬೀಗರ ಕೈಗೆ ಕೊಟ್ಟು, "ಹೌದ್ರಿ ಬೀಗರ. ನಮ್ಮ ಗಾಲ್ಯಾಗಿಂದು ನಿನ್ನೆನ ಬೆವತು ಮುಗದೈತಿ" ಎಂದರು.