ಗೋಡೆಯ ಮೇಲಿನವರ ಜೊತೆ ಸಂಸಾರ

ಚಿತ್ರ, ಶಿಲ್ಪ ಎಂದು ಊರೂರು ತಿರುಗುವ ಗಂಡ ಇದ್ದ ಮನೆಯಲ್ಲಿ ಏನಾದರೊಂದು ಫಜೀತಿ ಆಗುತ್ತಲೇ ಇರುತ್ತದೆ. ನಮ್ಮಲ್ಲಂತೂ ಒಂದರ ಬಿಸಿ ಆರುವ ಮೊದಲೇ ಇನ್ನೊಂದು ಹುಟ್ಟುತ್ತಿತ್ತು. ನಮ್ಮ ಮನೆಯವರು ಮಣಿಪಾಲದ ಶಾಲೆಯೊಂದರಲ್ಲಿ ಮಾಷ್ಟ್ರು. ನಾವು ಅಂಬಲಪಾಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಬೇರೆಯವರು ಸಂತೆಗೆ ಹೋದರೆ ತರಕಾರಿ ತರುತ್ತಾರೆ. ಇವರು ಚೌಕಟ್ಟು ತರುತ್ತಿದ್ದರು. ಈಗ ಅವರೂ ಇಲ್ಲ, ಗೋಡೆಗಳೂ ಖಾಲಿ. ಆಗ ನಗು ಬಾರದ ಸಂಗತಿಗಳಿಗೆ ಈಗ ನಗು ಬರುತ್ತದೆ, ಕೇಳಲಿಕ್ಕೆ ಜನ ಇಲ್ಲ.

ಯಾರದ್ದೋ ಅಜ್ಜಿ

ಐವತ್ತರ ದಶಕದ ಮಾತು. ಕಾರ್ಕಳದಲ್ಲಿ ಒಂದು ದೊಡ್ಡ ಬಂಗಲೆಯ ಸಾಮಾನು ಏಲಂ ಆಯಿತು. ಎಲ್ಲರೂ ಕುರ್ಚಿ, ಮಂಚ ತಂದರೆ ಇವರು ಒಬ್ಬಳು ಮುದುಕಿಯ ತೈಲಚಿತ್ರ ಹೊತ್ತುಕೊಂಡು ಬಂದರು. ತಲೆ ಮೇಲೆ ಸೆರಗು, ಮಡಿಲಲ್ಲಿ ಎರಡು ಕೈ, ಏನೋ ಕೇಳಬೇಕೆಂದಿದ್ದು ಕೇಳದೆ ಬಿಟ್ಟ ಹಾಗಿನ ಮುಖ.

"ಬೇರೆಯವರ ಅಜ್ಜಿಯನ್ನು ನಮ್ಮ ಮನೆಗೆ ತಂದದ್ದು ಎಂತಕ್ಕೆ?" ಎಂದು ಅತ್ತೆ ರೇಗಿದರು. ನಾಲ್ಕು ದಿನ ಅದರ ಎದುರು ಕೂತು ಬತ್ತಿ ಹೊಸೆದ ಮೇಲೆ ಅವರ ಮನಸ್ಸು ಕರಗಿತು. "ಪಾಪ, ಯಾರೂ ಇಲ್ಲದವಳು" ಎಂದು ದಿನಾ ಒಂದು ತುಂಡು ಮಲ್ಲಿಗೆ ಹಾಕತೊಡಗಿದರು. ಚಿತ್ರಕ್ಕೆ ಹೂ ಹಾಕಿದರೆ ಬಂದವರು ಏನು ತಿಳಿಯಬೇಕು? ಪಡುಬಿದ್ರಿಯ ಮಾವ ಒಬ್ಬರು ಕೈಮುಗಿದು, "ನಿನ್ನ ಮೂಗು ಈ ಅಜ್ಜಿಯದ್ದೇ ಮಾರಾಯ" ಎಂದು ಇವರಿಗೆ ಹೇಳಿಯೇ ಬಿಟ್ಟರು.

ಒಂದು ದಿನ ಇವರ ಶಾಲೆಯ ಕ್ರಿಶ್ಚನ್ ಮಾಷ್ಟ್ರೊಬ್ಬರು ಚಹಾಕ್ಕೆ ಬಂದರು, ಕಾರ್ಕಳದವರು. ಗೋಡೆ ನೋಡಿದವರೇ ಎದ್ದು ನಿಂತು ಶಿಲುಬೆಯ ಗುರುತು ಹಾಕಿಕೊಂಡರು.

"ಅಯ್ಯೋ ದೇವರೇ, ಬಾಯಿ ಯಾವಾಗ ಹೋದರು? ಆದಿತ್ಯವಾರ ಇಗರ್ಜಿಯಲ್ಲಿ ನೋಡಿದ್ದೆನಲ್ಲ!"

ಅವರ ಕಡೆ ಹಿರಿಯ ಹೆಂಗಸರಿಗೆ ಬಾಯಿ ಎನ್ನುವುದು. ಆ ಬಾಯಿ ಬದುಕಿದ್ದರು! ಮಗ ಬಂಗಲೆ ಖಾಲಿ ಮಾಡುವಾಗ ತಾಯಿಯ ಚಿತ್ರವನ್ನೂ ಕುರ್ಚಿಗಳ ಸಾಲಿಗೆ ಸೇರಿಸಿದ್ದನಂತೆ. ಅತ್ತೆಗೆ ಊಟ ಸೇರಲಿಲ್ಲ. ಮಾಷ್ಟ್ರಿಂದ ಸುದ್ದಿ ತಿಳಿದು ಮುಂದಿನ ವಾರ ಆ ಬಾಯಿಯೇ ಬಸ್ಸು ಹಿಡಿದು ಬಂದರು. ಅವರ ಚಿತ್ರವನ್ನು ಅವರಿಗೇ ಕೊಡುವುದೆಂದು ಇವರು ಇಳಿಸಿ ಇಟ್ಟಿದ್ದರು. ಬಾಯಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿದ್ದ ಒಣಗಿದ ಮಲ್ಲಿಗೆಯನ್ನು ಬೆರಳಲ್ಲಿ ಬಿಡಿಸುತ್ತ ತುಂಬ ಹೊತ್ತು ಕೂತರು. ಆಮೇಲೆ ಹೇಳಿದರು, "ಎಲ್ಲಿಗೆ ತೆಗೆದುಕೊಂಡು ಹೋಗಲಿ? ಇಲ್ಲೇ ಇರಲಿ. ಇಲ್ಲಿ ಮರ್ಯಾದೆ ಉಂಟು."

ಅತ್ತೆ ಕಣ್ಣೊರೆಸಿಕೊಂಡರು. ಹೊರಡುವಾಗ ಬಾಯಿ ಬಾಗಿಲಲ್ಲಿ ತಿರುಗಿ ನಿಂತು, "ಆದರೆ ಅಮ್ಮ, ಮಲ್ಲಿಗೆ ಇನ್ನು ಚಿತ್ರಕ್ಕೆ ಬೇಡ. ನಾನು ಬಂದಾಗ ತಲೆಗೆ ಕೊಡಿ" ಎಂದರು.

ಒಪ್ಪಿಗೆಯಾದ ಬೆನ್ನು

ನನ್ನ ನಾದಿನಿಯನ್ನು ನೋಡಲು ಕಾಪುವಿನಿಂದ ಹುಡುಗನ ಕಡೆಯವರು ಬರುವುದೆಂದಾಯಿತು. ಅದೇ ತಿಂಗಳು ಇವರು ಒಂದು ಹೊಸ ಚಿತ್ರ ತಂದು ಚಾವಡಿಯಲ್ಲಿ ತೂಗುಹಾಕಿದ್ದರು. ಸ್ನಾನ ಮಾಡಿ ಬಂದ ಹೆಂಗಸು, ಕಿಟಕಿಯ ಹತ್ತಿರ ಕೂದಲು ಒಣಗಿಸುವುದು. ನಮಗೆ ಕಾಣುವುದು ಬರೀ ಬೆನ್ನು. ಬರೀ ಎಂದರೆ ಬರಿಯ ಬೆನ್ನೇ.

"ಅದನ್ನು ಇಳಿಸು" ಎಂದರು ಅತ್ತೆ. "ಕಲೆಯನ್ನು ಇಳಿಸಲಿಕ್ಕೆ ಆಗುವುದಿಲ್ಲ" ಎಂದರು ಇವರು. ಕೊನೆಗೆ ನಾನೇ ಅದರ ಮೇಲೆ ಮೈ ಒರೆಸುವ ಒಂದು ಬೈರಾಸು ಇಳಿಬಿಟ್ಟೆ.

ಬಂದವರು ಕೂತರು. ಹುಡುಗನ ತಂದೆಯ ಕಣ್ಣೆಲ್ಲ ಆ ಬೈರಾಸಿನ ಮೇಲೆ. "ಅಲ್ಲಿ ಎಂತ, ಗೋಡೆ ಬಿರುಕು ಬಿಟ್ಟಿದೆಯಾ?"

ಇವರಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಎದ್ದು ಹೋಗಿ ಬೈರಾಸು ತೆಗೆದರು. ತೆಗೆದ ಮೇಲೆ ವಿವರಿಸದೆ ಬಿಡುವುದು ಹೇಗೆ? ಕಿಟಕಿಯ ಬೆಳಕು ಹೆಗಲಿನಿಂದ ಇಳಿದು ಹೇಗೆ ಕಡಿಮೆಯಾಗುತ್ತ ಹೋಗುತ್ತದೆ ಎಂದು ತರಗತಿಯಲ್ಲಿ ಹೇಳುವ ಹಾಗೆ ಹೇಳುತ್ತ ಹೋದರು. ಹುಡುಗ ಬಾಯಿ ತೆರೆದು ಕೇಳಿದ. ಅವನ ತಂದೆ ಕನ್ನಡಕ ಒರೆಸಿ ಹತ್ತಿರದಿಂದ ನೋಡಿದರು. ನಾದಿನಿ ಕಾಫಿಯ ತಟ್ಟೆ ಹಿಡಿದು ಬಂದು, ಕೊಟ್ಟು, ನಿಂತು, ಒಳಗೆ ಹೋದಳು. ಅವಳತ್ತ ಯಾರೂ ತಿರುಗಲಿಲ್ಲ.

ಎರಡು ದಿನ ಬಿಟ್ಟು ಸಂಬಂಧ ತಂದವರು ಬಂದರು. "ಅವರಿಗೆಲ್ಲ ಬಹಳ ಸಂತೋಷ ಆಗಿದೆ. ಆದರೆ ಹುಡುಗಿಯನ್ನು ಇನ್ನೊಮ್ಮೆ ನೋಡಬೇಕಂತೆ. ಮುಖ ನೆನಪಾಗುವುದಿಲ್ಲವಂತೆ."

ನಾದಿನಿ ಅಡಿಗೆಮನೆಯಿಂದಲೇ ಕೂಗಿದಳು: "ಆ ಚಿತ್ರವನ್ನೇ ಧಾರೆ ಎರೆದು ಕೊಡಿ!"

ಅವಳಿಗೆ ಬೇರೆ ಕಡೆ ಒಳ್ಳೆಯ ಸಂಬಂಧವೇ ಆಯಿತು. ಆದರೆ ಅವತ್ತು ಅವಳು ಅತ್ತದ್ದು ಇವರಿಗೆ ಕೇಳಿಸಿತ್ತು. ತಾವೇ ಚಿತ್ರ ಇಳಿಸಿ ಅಟ್ಟಕ್ಕೆ ಹಾಕಿದರು. ಮಳೆಗಾಲ ಕಳೆದು ತೆಗೆದು ನೋಡಿದರೆ ಗೆದ್ದಲು ಹತ್ತಿತ್ತು. ಕಿಟಕಿ ಇತ್ತು, ಕೂದಲು ಇತ್ತು, ಬೆಳಕೂ ಇತ್ತು. ಬೆನ್ನನ್ನು ಮಾತ್ರ ಗೆದ್ದಲು ಪೂರ್ತಿ ಒಪ್ಪಿಕೊಂಡುಬಿಟ್ಟಿತ್ತು.

ಮುಖವಿಲ್ಲದ ದೇವಿ

ಕಾರ್ಕಳದ ಶಿಲ್ಪಿಯೊಬ್ಬರು ಕೂತ ಹೆಂಗಸಿನ ಒಂದು ಮೂರ್ತಿಯನ್ನು ಅರ್ಧ ಕೆತ್ತಿ, ಕಲ್ಲಿನಲ್ಲಿ ಸೀಳು ಕಂಡದ್ದರಿಂದ ಬಿಟ್ಟಿದ್ದರು. ಮೈ ಆಗಿತ್ತು, ಮುಖ ಆಗಿರಲಿಲ್ಲ. ಇವರಿಗೆ ಅಂಥದ್ದೇ ಬೇಕು. ಎತ್ತಿನ ಗಾಡಿಯಲ್ಲಿ ತರಿಸಿ ಅಂಗಳದ ಪಾರಿಜಾತದ ಬುಡದಲ್ಲಿ ಕೂರಿಸಿದರು. ಶಾಲೆಯಿಂದ ಬಂದವರು ಕಾಲು ತೊಳೆಯುವ ಮೊದಲು ಅದರ ಎದುರು ನಿಲ್ಲುತ್ತಿದ್ದರು. "ದಿನಕ್ಕೊಂದು ಮುಖ ಕಾಣ್ತದೆ ನೋಡು" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಕಲ್ಲಿನ ಮೇಲೆ ಅರಸಿನ ಕಂಡಿತು. ಆಮೇಲೆ ಒಂದು ಹಣತೆ. ಪಕ್ಕದಲ್ಲೇ ಇದ್ದ ನಮ್ಮ ಬಾಡಿಗೆ ಮನೆಯ ಧನಿಗಳ ಹೆಂಡತಿ ಪ್ರದಕ್ಷಿಣೆ ಬರಲು ಶುರುಮಾಡಿದರು. ಪರೀಕ್ಷೆಯ ಕಾಲಕ್ಕೆ ಶಾಲೆಯ ಮಕ್ಕಳು ಬಂದರು. "ಇದು ದೇವರಲ್ಲ, ಶಿಲ್ಪ" ಎಂದು ಇವರು ಎಲ್ಲರಿಗೂ ಹೇಳಿದರು. ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು.

ಪರ್ಕಳದಲ್ಲಿ ನಮ್ಮದೇ ಒಂದು ಸಣ್ಣ ಮನೆಯಾಗಿ ಹೊರಡುವ ದಿನ ಕಲ್ಲು ಸಾಗಿಸಲು ಗಾಡಿ ಬಂತು. ಧನಿಗಳು ಅಡ್ಡ ನಿಂತರು. "ಮನೆ ಬಿಡುವುದು ನೀವು ಮಾಷ್ಟ್ರೆ. ಅಮ್ಮ ಎಂತಕ್ಕೆ ಬಿಡಬೇಕು?"

"ಇದನ್ನು ನಾನು ಕಾರ್ಕಳದಿಂದ ತಂದದ್ದು!"

"ಎಲ್ಲ ದೇವರೂ ಎಲ್ಲಿಂದಲೋ ಬಂದವರೇ ಅಲ್ವಾ?"

ಗಾಡಿ ಖಾಲಿ ಹೋಯಿತು. ವರ್ಷ ಕಳೆದು ಮನಸ್ಸು ತಡೆಯದೆ ನೋಡಲು ಹೋದೆವು. ಗುಡಿ ಎದ್ದಿತ್ತು. ಮುಖವಿಲ್ಲದ ಜಾಗಕ್ಕೆ ಬೆಳ್ಳಿಯ ಮುಖ ಕೂರಿಸಿದ್ದರು, ದೊಡ್ಡ ಮೀಸೆ ಸಮೇತ. ಇವರು ಆ ಮೀಸೆಯನ್ನೇ ನೋಡುತ್ತ ನಿಂತರು.

"ಬಹಳ ಕಾರಣಿಕ ಉಂಟು ಮಾಷ್ಟ್ರೆ" ಎಂದರು ಧನಿಗಳು ಪ್ರಸಾದ ಕೊಡುತ್ತ. "ಎಂತ ಬೇಕಾದರೂ ಹರಕೆ ಹೇಳಿ, ನಡೆಸಿಕೊಡ್ತಾನೆ."

ದಾರಿಯಲ್ಲಿ ಇವರು ನನ್ನನ್ನು ಕೇಳಿದರು, "ಆ ಕಲ್ಲು ನನಗೆ ವಾಪಸು ಬೇಕು ಅಂತ ಅದಕ್ಕೇ ಹರಕೆ ಹೇಳಿದರೆ ಹೇಗೆ?"

ಬೊಂಬಾಯಿಯಲ್ಲಿ ನಾನು

ಅರವತ್ತರ ದಶಕದಲ್ಲಿ ಕಾಪುವಿನ ಕಡೆಯ ಒಬ್ಬ ಚಿತ್ರಕಾರ ನಮ್ಮ ಪರ್ಕಳದ ಮನೆಯಲ್ಲಿ ಕೆಲವು ದಿನ ಉಳಿದಿದ್ದ. ಒಳ್ಳೆಯವನು, ಆದರೆ ಊಟಕ್ಕೆ ಕೂತರೆ ಅರ್ಧ ಎಲೆಯಲ್ಲೇ ಬಿಡುವವನು. ನಾನು ಬಡಿಸುವ ಸೌಟು ಹಿಡಿದು ಅವನ ಎಲೆಯನ್ನೇ ನೋಡುತ್ತ ನಿಲ್ಲುತ್ತಿದ್ದೆ. "ಅಕ್ಕ, ಹಾಗೇ ನಿಲ್ಲಿ, ಅಲುಗಬೇಡಿ" ಎಂದು ಒಂದು ದಿನ ಬಣ್ಣ ತಂದು ಕೂತ. ಪೂರ್ತಿ ಆಗದೆ ನನಗೆ ತೋರಿಸುವುದಿಲ್ಲ ಎಂದ. ಬೊಂಬಾಯಿಗೆ ಹೋಗಿ ಮುಗಿಸಿ ಕಳಿಸುತ್ತೇನೆ ಎಂದು ಸುತ್ತಿಕೊಂಡು ಹೋದವನು ಅಲ್ಲೇ ಜ್ವರ ಬಂದು ತೀರಿಕೊಂಡನಂತೆ. ಸುದ್ದಿ ಬಂದದ್ದೇ ಎಷ್ಟೋ ಸಮಯದ ಮೇಲೆ.

ಆಮೇಲೆ ಊರಿನವರೊಬ್ಬರು ಬೊಂಬಾಯಿಯಿಂದ ಬಂದು, "ಮಾಟುಂಗದ ನಮ್ಮ ಕಡೆಯ ಹೋಟೆಲಿನಲ್ಲಿ ನಿಮ್ಮ ಹೆಂಡತಿಯ ಚಿತ್ರ ಉಂಟಲ್ಲ, ಊಟದ ಹಾಲಿನಲ್ಲಿ!" ಎಂದರು. ಆ ಚಿತ್ರಕಾರ ಅಲ್ಲಿ ಊಟ ಮಾಡುತ್ತಿದ್ದನಂತೆ. ಹೋಟೆಲಿನ ಧನಿಗೆ ಕೊಟ್ಟಿರಬೇಕು. ಇವರು ಆ ಬೇಸಿಗೆ ರಜೆಯಲ್ಲೇ ಬೊಂಬಾಯಿಗೆ ಹೊರಟರು. ನನಗೆ ಹೋಗಲಿಕ್ಕಾಗಲಿಲ್ಲ, ಅತ್ತೆ ಹಾಸಿಗೆ ಹಿಡಿದಿದ್ದರು. ಅವರಿಗೆ ವಾಸಿಯಾಗುವಷ್ಟರಲ್ಲಿ ಹೋಟೆಲು ಕೈಬದಲಾಯಿತು, ಚಿತ್ರ ಎಲ್ಲಿ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ. ನನ್ನ ಒಂದೇ ಒಂದು ಚಿತ್ರ. ಅದನ್ನು ನಾನೇ ನೋಡಲಿಲ್ಲ. ಇವರು ಬೊಂಬಾಯಿಯಿಂದ ಬರಿಗೈಯಲ್ಲಿ ಬಂದು ಹೇಳಿದ್ದಷ್ಟೇ ನನ್ನ ಪಾಲಿಗೆ ಸಿಕ್ಕಿದ್ದು.

"ಧನಿ ಕೊಡುವುದಿಲ್ಲ ಅಂದ" ಎಂದರು ಇವರು. "ಈ ಅಮ್ಮ ಗೋಡೆಗೆ ಬಂದ ಮೇಲೆ ಗಿರಾಕಿಗಳು ಎಲೆಯಲ್ಲಿ ಒಂದು ಅಗುಳೂ ಬಿಡುವುದಿಲ್ಲವಂತೆ."

"'ನನ್ನ ಹೆಂಡತಿ' ಅಂತ ಹೇಳಬೇಕಿತ್ತು!" ಎಂದೆ ನಾನು.

"ಹೇಳಿದೆ. 'ಹಾಗಾದರೆ ನಿಮಗೆ ಮನೆಯಲ್ಲಿ ಅಸಲು ಉಂಟಲ್ಲ ಸ್ವಾಮಿ, ನಮಗೆ ಇದೊಂದೇ ಅಲ್ವಾ?' ಅಂದ."

"ಚಿತ್ರ ನನ್ನ ಹಾಗೇ ಇತ್ತಾ?"

ಮನೆಯಲ್ಲಿ ಹಾಗಲಕಾಯಿ ಎಂದರೆ ಎದ್ದೇ ಹೋಗುವ ಜನ ಇವರು.

"ಅವತ್ತು ಹಾಗಲಕಾಯಿ ಪಲ್ಯ ಬಡಿಸಿದರು" ಎಂದರು. "ತಲೆ ಎತ್ತಿ ಒಮ್ಮೆ ಗೋಡೆ ನೋಡಿದೆ. ಎರಡನೇ ಸಲವೂ ಹಾಕಿಸಿಕೊಂಡೆ."